ಗುಡ್ಡದ ದಾರಿಯಲ್ಲಿ ಬ್ಯಾಟರಿ ಗಾಡಿ: ಎಸಿ, ಗೀಸರ್ ಕೆಲಸದವರಿಗೆ ಇದು ಆಗುತ್ತಾ?

ಕೊಡಗಿನಲ್ಲಿ ಎಸಿ, ಫ್ರಿಜ್, ಗೀಸರ್ ಕೆಲಸ ಮಾಡುವ ಕೆಲವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಬ್ಯಾಟರಿ ಗಾಡಿ ತಗೊಳ್ಳಬಹುದಾ ಅಂತ. ಒಂದು ಬೇಸಿಗೆ, ಒಂದು ಮಳೆಗಾಲ ಅದನ್ನು ಓಡಿಸಿದ ಮೇಲೆ ನನ್ನ ಉತ್ತರ ಇಷ್ಟು: ಗಾಡಿ ಚೆನ್ನಾಗಿದೆ, ನಾನು ಮಾರುವುದಿಲ್ಲ. ಆದರೆ ನೀವು ಕೆಲಸಕ್ಕೆ ಹೋಗುವ ಜಾಗದಲ್ಲಿ ಗಾಡಿ ಚಾರ್ಜ್ ಮಾಡುವುದಕ್ಕೆ ಒಂದು 15 ಆಂಪ್ ಸಾಕೆಟ್ (ಗೀಸರ್, ಎಸಿಗೆ ಇರುವ ದೊಡ್ಡ ಪ್ಲಗ್) ಸಿಗುತ್ತದಾ ಎಂದು ಮೊದಲು ನೋಡಿ. ಗಾಡಿ ನೋಡುವುದು ಆಮೇಲೆ.

ನಮ್ಮ ಅಂಗಡಿ ಕುಶಾಲನಗರದಲ್ಲಿದೆ. ಅಪ್ಪ ಫ್ರಿಜ್ ರಿಪೇರಿಯಿಂದ ಶುರು ಮಾಡಿದರು. ಈಗ ಲೆಕ್ಕಪತ್ರ, ಗಿರಾಕಿಗಳು, ಗಾಡಿಗಳು ನನ್ನ ಜವಾಬ್ದಾರಿ. ನನ್ನ ತಮ್ಮ ಹುಡುಗರ ಜೊತೆ ಕೆಲಸಕ್ಕೆ ಹೋಗುತ್ತಾನೆ. ಮಾರ್ಚ್‌ನಿಂದ ಮೇವರೆಗೆ ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಕಡೆ ಎಸಿ ಕೆಲಸ. ಜೂನ್ ಬಂತೆಂದರೆ ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆಯಿಂದ ಗೀಸರ್ ಫೋನ್‌ಗಳು. ರೆಸಾರ್ಟ್‌ಗಳ ಕೋಲ್ಡ್ ರೂಮ್, ಡೀಪ್ ಫ್ರೀಜರ್ ವರ್ಷವಿಡೀ ಇದ್ದದ್ದೇ. ಎರಡು ಡೀಸೆಲ್ ಗಾಡಿ ಮೊದಲಿನಿಂದ ಇವೆ. ಮೂರನೆಯದು ಈ ಬ್ಯಾಟರಿ ಗಾಡಿ.

ಇದನ್ನು ತಗೊಂಡದ್ದು ಸರ್ಕಾರ ಹೇಳಿತು ಅಂತಲ್ಲ. ನಾವು ಹೀಟ್ ಪಂಪ್ ಹಾಕಿಕೊಟ್ಟ ಒಂದು ದೊಡ್ಡ ರೆಸಾರ್ಟ್‌ನವರು ವಾರ್ಷಿಕ ಕಾಂಟ್ರಾಕ್ಟ್ ಮುಂದುವರಿಸುವಾಗ ಒಂದು ಫಾರಂ ಕಳಿಸಿದರು. ನಿಮ್ಮ ಹತ್ತಿರ ಎಷ್ಟು ಗಾಡಿ ಇವೆ, ಎಷ್ಟು ಇಲೆಕ್ಟ್ರಿಕ್, ಮುಂದಿನ ಮೂರು ವರ್ಷದಲ್ಲಿ ಎಷ್ಟನ್ನು ಬದಲಾಯಿಸುತ್ತೀರಿ ಅಂತ ಅದರಲ್ಲಿ ಕೇಳಿದ್ದರು. ನಾನು ಆ ಫಾರಂ ಹಿಡಿದುಕೊಂಡು, ಇದು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ.

ದೇಶದ ದೊಡ್ಡ ಲಿಸ್ಟೆಡ್ ಕಂಪನಿಗಳು ಪರಿಸರದ ವಿಷಯದಲ್ಲಿ ಏನು ಮಾಡುತ್ತಿವೆ ಎಂದು ಪ್ರತಿ ವರ್ಷ ವರದಿ ಕೊಡಬೇಕು. ಇದು ಷೇರು ಮಾರುಕಟ್ಟೆಯನ್ನು ನೋಡಿಕೊಳ್ಳುವ ಸೆಬಿಯ ನಿಯಮ. 2022-23ರಿಂದ ಮೊದಲ 1,000 ಕಂಪನಿಗಳಿಗೆ ಇದು ಕಡ್ಡಾಯ. 2023ರಲ್ಲಿ ಅದಕ್ಕೆ ಇನ್ನೊಂದು ಭಾಗ ಸೇರಿತು. ಮೊದಲ 250 ಕಂಪನಿಗಳು ತಮಗೆ ಮಾಲು, ಸೇವೆ ಕೊಡುವವರ ಲೆಕ್ಕವನ್ನೂ ತೋರಿಸಬೇಕು ಎಂಬ ಭಾಗ ಅದು. 2025ರಲ್ಲಿ ಅದನ್ನು ಕಡ್ಡಾಯ ಅಲ್ಲ, ಕಂಪನಿಯ ಇಷ್ಟಕ್ಕೆ ಬಿಟ್ಟದ್ದು ಅಂತ ಮಾಡಿದರು. ಅದರಲ್ಲಿ ಒಂದು ಗೆರೆಯೂ ಇದೆ. ಕಂಪನಿಯ ಒಟ್ಟು ಖರೀದಿಯಲ್ಲಿ ಶೇಕಡಾ 2 ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು ಮಾತ್ರ ಆ ಲೆಕ್ಕಕ್ಕೆ ಬರುತ್ತಾರೆ. ಗೀಸರ್ ಸರ್ವಿಸ್ ಮಾಡುವ ಕುಶಾಲನಗರದ ಅಂಗಡಿ ಆ ಗೆರೆಯ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಿದ್ದರೂ ಫಾರಂ ಬರುತ್ತದೆ. ಮೇಲಿನವರು ಕೇಳಿದ್ದನ್ನು ಕೆಳಗಿನವರು ಎಲ್ಲರಿಗೂ ಕಳಿಸಿಬಿಡುತ್ತಾರೆ.

ಗಾಡಿಗಳ ಲೆಕ್ಕ ಇಟ್ಟು ಮಾಡಿದ ನಿಯಮಗಳು ಬೇರೆ ಕಡೆ ಇವೆ. ದಿಲ್ಲಿಯಲ್ಲಿ 2023ರ ನವೆಂಬರ್‌ನಲ್ಲಿ ಬಂದ ಯೋಜನೆಯ ಪ್ರಕಾರ 25 ಅಥವಾ ಅದಕ್ಕಿಂತ ಜಾಸ್ತಿ ಗಾಡಿ ಇರುವ ಟ್ಯಾಕ್ಸಿ ಆ್ಯಪ್, ಡೆಲಿವರಿ ಕಂಪನಿಗಳು 2030ರ ಏಪ್ರಿಲ್ 1ರೊಳಗೆ ಪೂರ್ತಿ ಇಲೆಕ್ಟ್ರಿಕ್ ಆಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ 2023ರ ಏಪ್ರಿಲ್‌ನಲ್ಲಿ ಅಡ್ವಾನ್ಸ್ಡ್ ಕ್ಲೀನ್ ಫ್ಲೀಟ್ಸ್ ಎಂಬ ನಿಯಮ ತಂದಿತು. ಅಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಗಾಡಿ ಇದ್ದರೆ, ಇಲ್ಲವೇ ವರ್ಷಕ್ಕೆ 5 ಕೋಟಿ ಡಾಲರ್ ವಹಿವಾಟು ಇದ್ದರೆ ನಿಯಮ ಅನ್ವಯ ಅಂತ ಇತ್ತು. ಒಟ್ಟು ತೂಕ 8,500 ಪೌಂಡ್, ಅಂದರೆ ಸುಮಾರು 3,850 ಕೆಜಿ ದಾಟಿದ ಗಾಡಿಗಳು ಲೆಕ್ಕಕ್ಕೆ. ದೊಡ್ಡ ಎಸಿ ಕಂಪನಿಗಳು ಗಾಡಿ ಕಮ್ಮಿ ಇದ್ದರೂ ವಹಿವಾಟಿನ ಲೆಕ್ಕದಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಈ ನಿಯಮಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಿತ್ತು. ಆ ಅರ್ಜಿಯನ್ನು ಬೋರ್ಡೇ 2025ರ ಜನವರಿಯಲ್ಲಿ ವಾಪಸ್ ತಗೊಂಡಿತು, ಹಾಗಾಗಿ ಈ ಕಂಪನಿಗಳ ಮೇಲೆ ನಿಯಮ ಜಾರಿಗೆ ಬರಲಿಲ್ಲ.

ನನ್ನ ಚಿಕ್ಕಪ್ಪನ ಮಗ ಕ್ಯಾಲಿಫೋರ್ನಿಯಾದಲ್ಲೇ ಎಸಿ ಸರ್ವಿಸ್ ಕಂಪನಿಯೊಂದರಲ್ಲಿದ್ದಾನೆ. ಅವನು ಹೇಳಿದ ಒಂದು ಮಾತು ನನಗೆ ತುಂಬಾ ಸರಿ ಅನಿಸಿತು. "ಅಕ್ಕ, ನಮ್ಮ ವ್ಯಾನ್ ರಾತ್ರಿ ಕಂಪನಿಯಲ್ಲಿ ನಿಲ್ಲಲ್ಲ, ಟೆಕ್ನಿಷಿಯನ್ ಮನೆ ಮುಂದೆ ನಿಲ್ಲುತ್ತೆ. ಬಾಡಿಗೆ ಮನೆಯಲ್ಲಿ ಅವನು ಎಲ್ಲಿ ಚಾರ್ಜ್ ಮಾಡಬೇಕು?" ನಮ್ಮಲ್ಲೂ ಇದೇ ಕಥೆ ಅಲ್ವಾ? ಸುಂಟಿಕೊಪ್ಪದ ನಮ್ಮ ಹಿರಿಯ ಮೆಕ್ಯಾನಿಕ್ ಗಾಡಿ ಮನೆಗೆ ತಗೊಂಡು ಹೋಗಿ, ಬೆಳಗ್ಗೆ ಅಲ್ಲಿಂದಲೇ ಮಡಿಕೇರಿಗೆ ಹೋಗುತ್ತಿದ್ದರು. ಡೆಲಿವರಿ ಗಾಡಿಗಳೆಲ್ಲ ರಾತ್ರಿ ಒಂದೇ ಗೋದಾಮಿಗೆ ಬರುತ್ತವೆ. ರಿಪೇರಿ ಗಾಡಿ ಹಾಗಲ್ಲ. ನಿಯಮ ಮಾಡುವವರ ಕಣ್ಣಿಗೆ ಮೊದಲು ಬೀಳುವುದು ಡೆಲಿವರಿ ಗಾಡಿ.

ಕರ್ನಾಟಕದಲ್ಲಿ ನಮ್ಮಂಥ ಸಣ್ಣ ಕಂಟ್ರಾಕ್ಟರ್‌ಗೆ ಇಷ್ಟು ಇಲೆಕ್ಟ್ರಿಕ್ ಇರಲೇಬೇಕು ಎಂಬ ಕಟ್ಟುಪಾಡು ಇಲ್ಲ. ಇಲೆಕ್ಟ್ರಿಕ್ ವಾಹನಗಳಿಗೆ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಅದರಲ್ಲಿದ್ದದ್ದು ಉತ್ತೇಜನ, ಒತ್ತಾಯ ಅಲ್ಲ. ಸವಲತ್ತುಗಳು ನಿಜಕ್ಕೂ ಇವೆ. ಜಿಎಸ್‌ಟಿ ಶೇಕಡಾ 5. ನೋಂದಣಿ ಶುಲ್ಕ 2021ರಿಂದ ಇಲ್ಲ. ಆದರೆ ಶೋರೂಮಿನಲ್ಲಿ ಹೇಳುವ ಒಂದು ಮಾತಿಗೆ ಮರುಳಾಗಬೇಡಿ. "ಇದಕ್ಕೆ ಪರ್ಮಿಟ್ ಬೇಡ ಮೇಡಂ, 2018ರಲ್ಲೇ ವಿನಾಯಿತಿ ಕೊಟ್ಟಿದ್ದಾರೆ" ಅನ್ನುತ್ತಾರೆ. ವಿನಾಯಿತಿ ನಿಜ. ಆದರೆ ಒಟ್ಟು ತೂಕ 3,000 ಕೆಜಿ ದಾಟದ ಸರಕು ಗಾಡಿಗೆ ಡೀಸೆಲ್ ಆದರೂ ಪರ್ಮಿಟ್ ಬೇಡ. ಮೋಟಾರು ವಾಹನ ಕಾಯ್ದೆಯಲ್ಲೇ ಹಾಗಿದೆ. ಸಣ್ಣ ಗಾಡಿಯವರಿಗೆ ಇದರಿಂದ ಹೊಸದಾಗಿ ಏನೂ ಸಿಗುವುದಿಲ್ಲ. ಫಿಟ್‌ನೆಸ್ ಸರ್ಟಿಫಿಕೇಟ್ ಮಾತ್ರ ಇದಕ್ಕೂ ಮಾಡಿಸಲೇಬೇಕು. ಹಸಿರು ಪ್ಲೇಟಿನಲ್ಲಿ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆ, ವ್ಯಾಪಾರದ ಗಾಡಿ ಅಂತಲೇ ಲೆಕ್ಕ.

ಈಗ ಗಾಡಿ ವಿಷಯಕ್ಕೆ ಬರುತ್ತೇನೆ. ನಾಲ್ಕು ಚಕ್ರದ ಸಣ್ಣ ಸರಕು ಗಾಡಿ ಇದು. ಟಾಟಾ ಏಸ್ ಇವಿ 2022ರಲ್ಲಿ ಬಂತು, ಮಹೀಂದ್ರದ ಝಿಯೋ 2024ರಲ್ಲಿ ಬಂತು. ಅದೇ ವರ್ಗದ್ದು. ಬ್ಯಾಟರಿಯಲ್ಲಿ ಹಿಡಿಯುವ ಕರೆಂಟ್ 21 ಯೂನಿಟ್ ಆಸುಪಾಸು, ಹೊರೆ 600 ಕೆಜಿ ಆಸುಪಾಸು. ನನ್ನದು ಯಾವ ಕಂಪನಿಯದ್ದು ಎಂದು ಬರೆಯುವುದಿಲ್ಲ. ಒಂದೇ ಗಾಡಿ ಓಡಿಸಿ ಒಂದು ಕಂಪನಿಗೆ ಒಳ್ಳೆಯ ಹೆಸರೋ ಕೆಟ್ಟ ಹೆಸರೋ ಕೊಡುವುದು ನ್ಯಾಯ ಅಲ್ಲ. ನಾನು ಹೇಳುವುದರಲ್ಲಿ ಜಾಸ್ತಿ ಭಾಗ ಈ ವರ್ಗದ ಎಲ್ಲ ಗಾಡಿಗೂ ಹೊಂದುತ್ತದೆ.

ಏರುದಾರಿಯಲ್ಲಿ ಇದಕ್ಕೆ ಡೀಸೆಲ್ ಸಾಟಿ ಇಲ್ಲ. ಬೋಯಿಕೇರಿ ದಾಟಿ ಮಡಿಕೇರಿ ಕಡೆ ಹತ್ತುವಾಗ ಟೂರಿಸ್ಟ್ ಬಸ್ ಹಿಂದೆ ನಿಂತು ನಿಂತು ಹೋಗಬೇಕಾಗುತ್ತದೆ. ಕ್ಲಚ್ ಸುಡುವ ವಾಸನೆ ಇಲ್ಲ, ಗೇರ್ ಹುಡುಕಾಟ ಇಲ್ಲ. ಕಾಲು ಒತ್ತಿದರೆ ಹೊರಡುತ್ತದೆ. ತೋಟದ ಒಳಗಿನ ಕಡಿದಾದ ಕಾಂಕ್ರೀಟ್ ದಾರಿಯಲ್ಲಿ, ಹಿಂದೆ 300 ಲೀಟರಿನ ಸೋಲಾರ್ ಟ್ಯಾಂಕ್ ಇಟ್ಟುಕೊಂಡು ಕೂಡ ಹತ್ತಿದೆ.

ಆದರೆ ಹತ್ತಿದ್ದಕ್ಕೆ ಬೆಲೆ ಕೊಡಲೇಬೇಕು. ಈ ಲೆಕ್ಕವನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತೇನೆ. ಕುಶಾಲನಗರಕ್ಕಿಂತ ಮಡಿಕೇರಿ 300 ಮೀಟರ್‌ಗೂ ಮೇಲೆ ಇದೆ. ಗಾಡಿ, ಸಾಮಾನು, ಜನ ಸೇರಿ 1,800 ಕೆಜಿ ಎಂದುಕೊಳ್ಳಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಒಂದೂವರೆ ಯೂನಿಟ್ ಬೇಕು. ಮೋಟಾರಿನಲ್ಲಿ, ಬ್ಯಾಟರಿಯಲ್ಲಿ ಆಗುವ ನಷ್ಟ ಸೇರಿಸಿದರೆ ಎರಡು ಯೂನಿಟ್ ಹತ್ತಿರ. ಸಮತಟ್ಟು ರಸ್ತೆಯಲ್ಲಿ ಅದು 13-14 ಕಿಲೋಮೀಟರ್ ಓಡಿಸುವಷ್ಟು ಕರೆಂಟ್. ದೂರ 30 ಕಿಲೋಮೀಟರ್ ಇದ್ದರೂ ಬ್ಯಾಟರಿಗೆ ಅದು 40ಕ್ಕೂ ಜಾಸ್ತಿ. ಮಡಿಕೇರಿ ತಲುಪುವಾಗ ಮೂರನೇ ಒಂದು ಭಾಗ ಹತ್ತಿರ ಖಾಲಿ ಆಗಿರುತ್ತದೆ.

ಇಳಿಯುವಾಗ ಸ್ವಲ್ಪ ವಾಪಸ್ ಬರುತ್ತದೆ. ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು, ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಬ್ರೇಕ್ ಶೂ ಸವೆಯುವುದು ಎಷ್ಟೋ ಕಮ್ಮಿ. ಒಂದು ಎಚ್ಚರಿಕೆ ಇದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ವಾಪಸ್ ಬಂದ ಕರೆಂಟ್ ಇಡುವುದಕ್ಕೆ ಜಾಗ ಇರುವುದಿಲ್ಲ. ಆಗ ಮೋಟಾರು ಹಿಡಿಯುವುದಿಲ್ಲ, ಗಾಡಿ ಸುಮ್ನೆ ಜಾರುತ್ತದೆ, ಬ್ರೇಕೇ ಗತಿ. ಮಡಿಕೇರಿಯಲ್ಲಿ ಚಾರ್ಜ್‌ಗೆ ಹಾಕಿದರೆ ಶೇಕಡಾ 90ಕ್ಕೆ ತೆಗೆದುಬಿಡಿ ಅಂತ ನಮ್ಮ ಹುಡುಗರಿಗೆ ಹೇಳಿದ್ದೇನೆ. ಸಂಪಾಜೆ ಘಾಟಿ ಇಳಿಯುವವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು.

ಕಾಗದದ ಮೇಲೆ ಈ ವರ್ಗದ ಗಾಡಿಗಳಿಗೆ 150-160 ಕಿಲೋಮೀಟರ್ ಅನ್ನುತ್ತಾರೆ. ನಮ್ಮ ದಾರಿಯಲ್ಲಿ, ನಮ್ಮ ಹೊರೆಯಲ್ಲಿ 100 ಎಂದುಕೊಂಡೇ ಹೊರಡಬೇಕು. ಮಳೆಯಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ. ಮಡಿಕೇರಿಗೆ ಹೋಗಿ ಬರುವುದು ಆರಾಮ. ಸೋಮವಾರಪೇಟೆ ಆಗುತ್ತದೆ. ಭಾಗಮಂಡಲಕ್ಕೆ ಹೋಗಿ ಬರಬೇಕಾದರೆ ಮಧ್ಯೆ ಎಲ್ಲಾದರೂ ಚಾರ್ಜ್ ಆಗಲೇಬೇಕು. ಕುಟ್ಟ, ಬಿರುನಾಣಿ ಕಡೆ ನಾನು ಇದನ್ನು ಕಳಿಸುವುದಿಲ್ಲ.

ಸಾಮಾನಿನ ವಿಷಯದಲ್ಲಿ ತೊಂದರೆ ಇಲ್ಲ. ನಮ್ಮದು ತೂಕಕ್ಕಿಂತ ಜಾಗ ತಿನ್ನುವ ಸಾಮಾನು. ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿಯ ಹೊರಗಿನ ಯೂನಿಟ್ 30 ಕೆಜಿ ಬರಬಹುದು, ಒಳಗಿನದ್ದು 10. ಭಾರ ಅನ್ನುವುದು ನೈಟ್ರೋಜನ್ ಸಿಲಿಂಡರ್ ಒಂದೇ. ಅದನ್ನು ನೆಟ್ಟಗೆ ನಿಲ್ಲಿಸಿ ಕಟ್ಟುವುದಕ್ಕೆ ನಾವೇ ಒಂದು ಕಬ್ಬಿಣದ ಚೌಕಟ್ಟು ಮಾಡಿಸಿದೆವು. ಗ್ಯಾಸ್ ಸಿಲಿಂಡರ್‌ಗಳಿಗೂ ಅದೇ. ಎಸಿಗೆ ತುಂಬುವ ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್. ಗಾಳಿ ಆಡದ ಡಬ್ಬಿಯಲ್ಲಿ ಅದನ್ನು ಇಡಬಾರದು. ಹಿಂದೆ ಮುಚ್ಚಿದ ಬಾಡಿ ಮಾಡಿಸುವವರು ಗಾಳಿ ಕಿಂಡಿ ಬಿಡಿಸಲೇಬೇಕು. ಕೊಡಗಿನ ಮಳೆಗೆ ಮುಚ್ಚಿದ ಬಾಡಿ ಬೇಕೇ ಬೇಕು, ಇಲ್ಲದಿದ್ದರೆ ಪಿಸಿಬಿಗಳು (ಎಸಿಯ ಎಲೆಕ್ಟ್ರಾನಿಕ್ ಬೋರ್ಡ್), ಪೈಪಿನ ಇನ್ಸುಲೇಷನ್ ಎಲ್ಲ ಹಾಳು.

ಗಾಡಿ ಅಲುಗಾಟ ಕಮ್ಮಿ ಅನ್ನುವುದು ನಮ್ಮ ಮೆಕ್ಯಾನಿಕ್‌ಗಳಿಗೆ ತುಂಬಾ ಹಿಡಿಸಿದ ಗುಣ. ಎಂಜಿನ್ ನಡುಗುವುದಿಲ್ಲವಲ್ಲ. ಗೇಜ್, ವ್ಯಾಕ್ಯೂಮ್ ಪಂಪ್ ಹೇಗೆ ಇಟ್ಟೆವೋ ಹಾಗೇ ಇರುತ್ತವೆ. ರಿಪೇರಿ ಮಾಡಿದ ಫ್ರಿಜ್ ವಾಪಸ್ ಕೊಡುವಾಗ ಮನಸ್ಸಿಗೆ ನೆಮ್ಮದಿ. ಬೆಳಗ್ಗೆ ಆರು ಗಂಟೆಗೆ ಹೋಂಸ್ಟೇ ಅಂಗಳಕ್ಕೆ ಹೋದರೂ ಮಲಗಿದ ಅತಿಥಿಗಳು ಏಳುವುದಿಲ್ಲ. ಹೋಂಸ್ಟೇ ಮಾಲೀಕರು ಇದನ್ನು ಬಾಯಿಬಿಟ್ಟು ಹೊಗಳಿದ್ದಾರೆ.

ಆನೆ ವಿಷಯ ಕೇಳುತ್ತಾರೆ. ಆನೆಕಾಡು, ಸಿದ್ದಾಪುರದ ತೋಟಗಳ ಕಡೆ ಸಂಜೆ ಹೊತ್ತು ಆನೆ ರಸ್ತೆಗೆ ಬರುವುದು ನಮಗೆಲ್ಲ ಗೊತ್ತು. ಸದ್ದಿಲ್ಲದ ಗಾಡಿ ತಿರುವಿನಲ್ಲಿ ಹಠಾತ್ತಾಗಿ ಆನೆಯ ಮುಂದೆ ಹೋಗಿ ನಿಲ್ಲಬಾರದು. ಆ ದಾರಿಗಳಲ್ಲಿ ಸಂಜೆ ಐದರ ಮೇಲೆ ಯಾವ ಗಾಡಿಯನ್ನೂ ಕಳಿಸುವುದಿಲ್ಲ ಎಂದು ನಾವು ಮಾಡಿಕೊಂಡ ಕ್ರಮ ಇದಕ್ಕೂ ಅನ್ವಯ.

ಇದರ ದೊಡ್ಡ ಕೊರತೆ ನನಗೆ ಕಂಡದ್ದು ಗಾಜಿನ ಮಂಜು. ನಾನು ಎಸಿ ಕೆಲಸದವಳು, ಇದರ ಬಗ್ಗೆ ಬಿಡಿಸಿ ಹೇಳಬೇಕು. ಜುಲೈ ತಿಂಗಳ ಮಡಿಕೇರಿ. ಹೊರಗೆ ಮಂಜು, ಮಳೆ. ಒಳಗೆ ಒದ್ದೆ ರೈನ್‌ಕೋಟ್ ಹಾಕಿಕೊಂಡ ಇಬ್ಬರು. ಅವರ ಉಸಿರಿನ ತೇವ, ಬಟ್ಟೆಯ ತೇವ ಎಲ್ಲ ತಣ್ಣಗಿನ ಗಾಜಿನ ಮೇಲೆ ಕೂರುತ್ತದೆ. ಡೀಸೆಲ್ ಗಾಡಿಯಲ್ಲಿ ಹೀಟರ್ ಇದ್ದರೆ ಎಂಜಿನ್‌ನ ಬಿಸಿ ಪುಕ್ಕಟೆ ಸಿಗುತ್ತದೆ. ಬ್ಯಾಟರಿ ಗಾಡಿಯಲ್ಲಿ ಆ ಬಿಸಿ ಇಲ್ಲ. ಬೇಕಾದರೆ ಬ್ಯಾಟರಿಯಿಂದಲೇ ಕಾಯಿಲ್ ಕಾಯಿಸಬೇಕು. ನಮ್ಮ ಗಾಡಿಯಲ್ಲಿ ಅದೂ ಇಲ್ಲ, ಬರೀ ಬ್ಲೋವರ್. ಹೊರಗಿನ ತೇವದ ಗಾಳಿಯನ್ನೇ ಅದು ಒಳಗೆ ಊದುತ್ತದೆ. ಗಾಜು ಒಣಗಬೇಕಾದರೆ ಗಾಳಿ ಒಣಗಬೇಕು. ಗಾಳಿಯನ್ನು ಒಣಗಿಸುವುದು ಎಸಿಯ ಕೆಲಸ. ತಣ್ಣನೆಯ ಕಾಯಿಲ್ ಮೇಲೆ ತೇವ ನೀರಾಗಿ ಇಳಿದು ಹೋಗುತ್ತದೆ.

ಸರಕು ಗಾಡಿಗೆ ಎಸಿ ಯಾಕೆ, ಅದು ಶೋಕಿ ಅಂತ ಜನ ತಿಳಿದಿದ್ದಾರೆ. ಕೊಡಗಿನಲ್ಲಿ ಅದು ಕಣ್ಣು ಕಾಣಿಸುವುದಕ್ಕೆ ಬೇಕು. ಒಂದು ಗಂಟೆಗೆ ಒಂದು ಯೂನಿಟ್ ತಿಂದರೂ ಆರೇಳು ಕಿಲೋಮೀಟರ್ ಹೋಗುತ್ತದೆ, ಅಷ್ಟೇ. ತಿರುವಿನಲ್ಲಿ ಎದುರಿನ ಬಸ್ ಕಾಣುವುದು ಅದಕ್ಕಿಂತ ದೊಡ್ಡದು. ಕಂಪನಿಯವರು ಮಲೆನಾಡಿಗೆ ಮಾರುವ ಗಾಡಿಗಳಲ್ಲಿ ಇದನ್ನು ಕೊಡಲೇಬೇಕು ಎಂದು ನಾನು ಬರೆದು ಕಳಿಸಿದ್ದೇನೆ. ಸದ್ಯಕ್ಕೆ ಕಿಟಕಿ ಎರಡು ಬೆರಳು ತೆರೆದಿಟ್ಟು, ರೈನ್‌ಕೋಟ್ ಹಿಂದಿನ ಬಾಡಿಯಲ್ಲಿ ಹಾಕಿ ಓಡಿಸುತ್ತೇವೆ.

ಇನ್ನು ಕರೆಂಟ್. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮ್ಮಲ್ಲಿ ಮಾಮೂಲು. ಒಳಗಿನ ಊರುಗಳಲ್ಲಿ ದಿನಗಟ್ಟಲೆ ಕತ್ತಲೆ. ನಮ್ಮ ಕಡೆ ಕರೆಂಟ್ ಕೊಡುವ ಕಂಪನಿಯಾದ ಸೆಸ್ಕ್‌ನ ಲೈನ್‌ಮ್ಯಾನ್‌ಗಳು ಆ ಮಳೆಯಲ್ಲಿ ಕಂಬ ಹತ್ತುವುದನ್ನು ನೋಡಿದವರು ಅವರನ್ನು ಬೈಯುವುದಿಲ್ಲ. ಆದರೆ ನಮ್ಮ ಕೆಲಸದ ಲೆಕ್ಕ ಬೇರೆ. ಕರೆಂಟ್ ಇಲ್ಲದಿದ್ದಾಗ ನಮಗೆ ಫೋನ್ ಬರುವುದು ಕಮ್ಮಿ. ಕರೆಂಟ್ ವಾಪಸ್ ಬಂದ ತಕ್ಷಣ ಶುರು. ವೋಲ್ಟೇಜ್ ಏರಿಳಿದು ಇನ್ವರ್ಟರ್ ಎಸಿಯ ಪಿಸಿಬಿ ಸುಟ್ಟಿರುತ್ತದೆ, ಗೀಸರ್ ಥರ್ಮೋಸ್ಟಾಟ್ ಹೋಗಿರುತ್ತದೆ, ಫ್ರೀಜರ್‌ನಲ್ಲಿ ಹಂದಿ ಮಾಂಸ ಕರಗುತ್ತಿರುತ್ತದೆ. ಎಲ್ಲರಿಗೂ ನಾವು ಆ ಕ್ಷಣವೇ ಬೇಕು. ಆ ಹೊತ್ತಿಗೆ ನಮ್ಮ ಗಾಡಿಯ ಬ್ಯಾಟರಿಯೂ ಖಾಲಿ ಇರುತ್ತದೆ, ಯಾಕೆಂದರೆ ನಮಗೂ ಕರೆಂಟ್ ಇರಲಿಲ್ಲ. ಅತಿ ಜಾಸ್ತಿ ಕೆಲಸ ಇರುವ ದಿನವೇ ಗಾಡಿ ಅರ್ಧ ಬಲದಲ್ಲಿರುತ್ತದೆ. ಈ ಒಂದು ಕಾರಣಕ್ಕೆ, ಮಳೆಗಾಲದಲ್ಲಿ ಡೀಸೆಲ್ ಗಾಡಿ ಒಂದಾದರೂ ಇಲ್ಲದೆ ಕೊಡಗಿನಲ್ಲಿ ನಮ್ಮ ಕೆಲಸ ಮಾಡುವುದು ಆಗದ ಮಾತು. ಪೂರ್ತಿ ಇಲೆಕ್ಟ್ರಿಕ್ ಆಗಿ ಎಂದು ಫಾರಂ ಕಳಿಸುವವರಿಗೆ ನಾನು ಇದನ್ನೇ ಉತ್ತರ ಬರೆದೆ.

ಅಂಗಡಿಯಲ್ಲಿ ಚಾರ್ಜ್ ಮಾಡುವುದಕ್ಕೆ ದೊಡ್ಡ ಏರ್ಪಾಟು ಬೇಡ. ಒಳ್ಳೆಯ ವೈರಿಂಗ್, ಬೇರೆಯೇ ಎಂಸಿಬಿ (ಲೋಡ್ ಜಾಸ್ತಿ ಆದರೆ ತಾನೇ ಆಫ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್ ಇರುವ 15 ಆಂಪ್ ಸಾಕೆಟ್ ಸಾಕು. ಖಾಲಿಯಿಂದ ತುಂಬಲು ಏಳು ಗಂಟೆ. ರಾತ್ರಿ ಹಾಕಿದರೆ ಬೆಳಗ್ಗೆ ಸಿದ್ಧ. ಮನೆ ಮೀಟರಿನಲ್ಲಿ ಹಾಕುವವರು ಒಂದು ಲೆಕ್ಕ ಮಾಡಿಕೊಳ್ಳಿ. ದಿನಕ್ಕೆ 60 ಕಿಲೋಮೀಟರ್ ಓಡಿದರೆ ತಿಂಗಳಿಗೆ 300 ಯೂನಿಟ್ ಹತ್ತಿರ ಗಾಡಿಗೇ ಬೇಕು. ಗೃಹಜ್ಯೋತಿ ಸಿಗುವುದು 200 ಯೂನಿಟ್‌ವರೆಗೆ. ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಮೆಕ್ಯಾನಿಕ್ ಮನೆಯಲ್ಲಿ ಚಾರ್ಜ್ ಮಾಡಿಸಿದರೆ ಅವರ ಮನೆಯ ಉಚಿತ ಕರೆಂಟ್ ಹೋಗುತ್ತದೆ. ಅದು ಅವರ ಸಂಸಾರಕ್ಕೆ ಹೊಡೆತ. ಹಾಗಾಗಿ ಆ ಗಾಡಿ ಈಗ ರಾತ್ರಿ ಅಂಗಡಿಯಲ್ಲೇ ನಿಲ್ಲುತ್ತದೆ, ಅವರು ಬೆಳಗ್ಗೆ ಬಸ್ಸಿನಲ್ಲಿ ಬಂದು ತಗೊಂಡು ಹೋಗುತ್ತಾರೆ. ಬಸ್ಸಿನ ಖರ್ಚು, ಆ ಸಮಯ ಎರಡನ್ನೂ ನಾನು ಸಂಬಳದಲ್ಲಿ ಸೇರಿಸಿದ್ದೇನೆ. ಗಾಡಿಯ ಖರ್ಚಿನಲ್ಲಿ ಇದನ್ನೂ ಬರೆಯಬೇಕು ಅಲ್ವಾ?

ಹೆದ್ದಾರಿ ಪಕ್ಕದ ಫಾಸ್ಟ್ ಚಾರ್ಜರ್‌ಗಳು ಇವೆ. ವಾರದ ದಿನ ಪರವಾಗಿಲ್ಲ. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಸಾಲು ನಿಂತಿರುತ್ತವೆ. ಕೆಲಸದ ಗಾಡಿ ಆ ಸಾಲಿನಲ್ಲಿ ನಿಂತರೆ ಎರಡು ಮನೆಯ ಕೆಲಸ ಹೋಯಿತು.

ನನಗೆ ಅತಿ ಮುಖ್ಯ ಅನಿಸಿದ್ದು ಇದು. ನಮ್ಮ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಒಂದು ರೆಸಾರ್ಟ್‌ಗೆ ಹೋದರೆ ಮೂರು ನಾಲ್ಕು ಗಂಟೆ ಅಲ್ಲೇ. ಆ ಹೊತ್ತು ಒಂದು ಸಾಮಾನ್ಯ 15 ಆಂಪ್ ಸಾಕೆಟ್ ಸಿಕ್ಕಿದರೆ ಮೂರು ಗಂಟೆಯಲ್ಲಿ ಒಂಬತ್ತು ಯೂನಿಟ್ ತುಂಬುತ್ತದೆ. 45 ಕಿಲೋಮೀಟರ್ ದಾರಿ ಅದು. ಭಾಗಮಂಡಲದ ಕೆಲಸವೂ ಆಗ ಸಲೀಸು. ಕರೆಂಟಿನ ಬೆಲೆ 70-80 ರೂಪಾಯಿ. ನಾನೇ ಕೊಡುತ್ತೇನೆ, ಬಿಲ್ಲಿನಲ್ಲಿ ಕಳೆದುಕೊಳ್ಳಿ ಅಂದಿದ್ದೇನೆ.

ನಮಗೆ ಫಾರಂ ಕಳಿಸಿದ ಅದೇ ರೆಸಾರ್ಟಿನಲ್ಲಿ ನಮ್ಮ ಹುಡುಗರು ಸಾಕೆಟ್ ಕೇಳಿದಾಗ ಸೆಕ್ಯುರಿಟಿಯವರು ಪಾರ್ಕಿಂಗ್‌ನ ಚಾರ್ಜರ್ ಅತಿಥಿಗಳಿಗೆ ಮಾತ್ರ ಅಂದರು. ಪಂಪ್ ಹೌಸ್ ಪಕ್ಕದ ಸಾಕೆಟ್‌ಗೆ ಮ್ಯಾನೇಜರ್ ಸಹಿ ಬೇಕು ಅಂದರು. ಮ್ಯಾನೇಜರ್ ಮೀಟಿಂಗ್‌ನಲ್ಲಿದ್ದರು. ಹುಡುಗರು ಕೆಲಸ ಮುಗಿಸಿ ಇದ್ದ ಬ್ಯಾಟರಿಯಲ್ಲೇ ವಾಪಸ್ ಬಂದರು. ನನಗೆ ಅವತ್ತು ಬೇಜಾರಾಯಿತು. ಇಲೆಕ್ಟ್ರಿಕ್ ಗಾಡಿಯಲ್ಲೇ ಬನ್ನಿ ಅನ್ನುವವರು ಅದಕ್ಕೆ ಒಂದು ಪ್ಲಗ್ ಕೊಡಬೇಕು. ಕೇಂದ್ರದ ಮಾದರಿ ಕಟ್ಟಡ ನಿಯಮಗಳಿಗೆ 2019ರಲ್ಲಿ ತಿದ್ದುಪಡಿ ತಂದು ಪಾರ್ಕಿಂಗ್‌ನ ಶೇಕಡಾ 20ರಷ್ಟು ಜಾಗದಲ್ಲಿ ಚಾರ್ಜಿಂಗ್ ವ್ಯವಸ್ಥೆ ಇರಲಿ ಅಂದಿದ್ದಾರೆ. ಸರ್ವಿಸ್ ಗೇಟಿನಲ್ಲಿ ಬರುವ ಪ್ಲಂಬರ್, ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್ ಗಾಡಿ ಎಲ್ಲಿ ಚಾರ್ಜ್ ಆಗಬೇಕು ಎಂದು ಯಾರಾದರೂ ಯೋಚಿಸಬೇಕಲ್ಲ.

ಈ ವಿಷಯ ಆಮೇಲೆ ಸರಿ ಹೋಯಿತು. ಕಾಂಟ್ರಾಕ್ಟ್ ಕಾಗದದಲ್ಲೇ ಒಂದು ಸಾಲು ಸೇರಿಸಿ ಎಂದು ನಾನು ಕೇಳಿದೆ. ಕೆಲಸದ ಹೊತ್ತಿನಲ್ಲಿ ಅರ್ಥಿಂಗ್ ಇರುವ ಒಂದು 15 ಆಂಪ್ ಸಾಕೆಟ್ ಕೊಡತಕ್ಕದ್ದು ಅಂತ. ಅವರ ಎಂಜಿನಿಯರ್ ಒಳ್ಳೆಯವರು, ತಕ್ಷಣ ಒಪ್ಪಿದರು. ಈಗ ಬೇರೆ ರೆಸಾರ್ಟ್‌ಗಳ ಕಾಂಟ್ರಾಕ್ಟ್‌ನಲ್ಲೂ ಆ ಸಾಲು ಹಾಕುತ್ತಿದ್ದೇನೆ. ಹೋಂಸ್ಟೇಗಳಲ್ಲಿ ಕಾಗದ ಬೇಕಾಗಿಲ್ಲ. "ಅಕ್ಕ, ಪ್ಲಗ್ ಹಾಕ್ಲಾ?" ಅಂತ ಹುಡುಗರು ಕೇಳಿದರೆ "ಹಾಕಪ್ಪ, ಕಾಫಿ ಕುಡಿ ಬಾ" ಅನ್ನುತ್ತಾರೆ.

ಹಳೆಯ ತೋಟದ ಬಂಗಲೆಗಳಲ್ಲಿ ಮಾತ್ರ ಮೀಟರ್ ಇಟ್ಟು ನೋಡದೆ ಹಾಕಬೇಡಿ. ಅರ್ಥಿಂಗ್ ಇಲ್ಲದಿದ್ದರೆ ಚಾರ್ಜರ್ ಶುರುವೇ ಆಗುವುದಿಲ್ಲ, ಅದು ಒಳ್ಳೆಯದೇ. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ 180ರ ಕೆಳಗೆ ಇಳಿಯುವುದುಂಟು. ಆಗ ನಡುವೆ ನಿಂತುಬಿಡುತ್ತದೆ. ಮೂರು ಗಂಟೆ ಚಾರ್ಜ್ ಆಗಿದೆ ಎಂದುಕೊಂಡು ಬಂದು ನೋಡಿದರೆ ಹತ್ತು ನಿಮಿಷದ್ದೂ ಆಗಿರುವುದಿಲ್ಲ. ಕೆಲಸದ ಮಧ್ಯೆ ಒಮ್ಮೆ ಹೋಗಿ ನೋಡಿ ಬರಬೇಕು.

ದುಡ್ಡಿನ ಮಾತು. ಡೀಸೆಲ್ ಗಾಡಿಗಿಂತ ನನಗೆ ನಾಲ್ಕು ಲಕ್ಷ ಹತ್ತಿರ ಜಾಸ್ತಿ ಬಿತ್ತು. ನಮ್ಮ ದಾರಿಯಲ್ಲಿ ಡೀಸೆಲ್‌ಗೆ ಕಿಲೋಮೀಟರಿಗೆ ಆರು ರೂಪಾಯಿ, ಇದಕ್ಕೆ ಒಂದೂವರೆ ರೂಪಾಯಿ. ಉಳಿತಾಯ ನಾಲ್ಕೂವರೆ. ಹಾಗಾದರೆ ಆ ನಾಲ್ಕು ಲಕ್ಷ ವಾಪಸ್ ಬರಲು ಸುಮಾರು 89,000 ಕಿಲೋಮೀಟರ್ ಓಡಬೇಕು. ದಿನಕ್ಕೆ 120 ಕಿಲೋಮೀಟರ್ ಓಡುವ ಡೆಲಿವರಿಯವರಿಗೆ ಎರಡೂವರೆ ವರ್ಷ ಸಾಕು. ದಿನಕ್ಕೆ 60 ಓಡುವ ನನಗೆ ಐದು ವರ್ಷ. ಸಾಲದ ಬಡ್ಡಿ ಇದರ ಮೇಲೆ. ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಖರ್ಚು ಇಲ್ಲ ಅನ್ನುವುದು ಸ್ವಲ್ಪ ಸಮಾಧಾನ. ಎರಡು ಮೂರು ವರ್ಷದಲ್ಲಿ ಅಸಲು ಬಂದುಬಿಡುತ್ತದೆ ಎಂದು ಯಾರಾದರೂ ಹೇಳಿದರೆ ದಿನಕ್ಕೆ ಎಷ್ಟು ಓಡಿಸಿದರೆ ಎಂದು ಕೇಳಿ. ಗಾಡಿಗೆ ಏನಾದರೂ ದೊಡ್ಡ ತೊಂದರೆ ಆದರೆ ಮೈಸೂರಿಗೇ ಹೋಗಬೇಕು, 85 ಕಿಲೋಮೀಟರ್. ಒಂದು ಸಲ ಚಾರ್ಜಿಂಗ್ ಕೇಬಲ್ ಹೋದಾಗ ಹೊಸದು ಬರುವುದಕ್ಕೆ ಒಂದು ವಾರ ಹಿಡಿಯಿತು. ಎರಡನೇ ಕೇಬಲ್ ತಗೊಂಡು ಇಟ್ಟುಕೊಳ್ಳಿ.

ಪೊನ್ನಂಪೇಟೆಯ ಒಬ್ಬ ಕಂಟ್ರಾಕ್ಟರ್ ಅಣ್ಣ ಮೊನ್ನೆ ಅಂಗಡಿಗೆ ಬಂದು ಗಾಡಿ ಓಡಿಸಿ ನೋಡಿದರು. ಅವರ ಗಿರಾಕಿಗಳು ಜಾಸ್ತಿ ಶ್ರೀಮಂಗಲ, ಕುಟ್ಟ ಕಡೆಯ ತೋಟದ ಮನೆಗಳು. ದೂರ ದೂರ, ಕರೆಂಟ್ ನಂಬುವ ಹಾಗಿಲ್ಲ. ಅವರಿಗೆ ಈಗ ಬೇಡ ಅಂದೆ. ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ ಪೇಟೆಯೊಳಗೆ ಕೆಲಸ ಇರುವವರಿಗೆ ತಗೊಳ್ಳಿ ಅನ್ನುತ್ತೇನೆ, ರೆಸಾರ್ಟ್ ಕಾಂಟ್ರಾಕ್ಟ್ ಇದ್ದರೆ ಸಾಕೆಟ್ ಸಾಲು ಬರೆಸಿಕೊಂಡ ಮೇಲೆ. ನಮ್ಮ ಹಳೆಯ ಡೀಸೆಲ್ ಗಾಡಿ ಒಂದು ಮುಂದಿನ ವರ್ಷ ಬದಲಾಗಬೇಕು. ಅದರ ಜಾಗಕ್ಕೂ ಬ್ಯಾಟರಿ ಗಾಡಿಯೇ ಬರುತ್ತದೆ, ಗಾಜಿಗೆ ಎಸಿ ಇರುವುದು ಸಿಕ್ಕಿದರೆ. ಇನ್ನೊಂದು ಡೀಸೆಲ್ ಭಾಗಮಂಡಲ, ವಿರಾಜಪೇಟೆ ದಾರಿಗೆ ಹಾಗೇ ಇರುತ್ತದೆ.